ಮಡಿಕೇರಿಗೆ ಬನ್ನಿ, ಬೆಟ್ಟ ಓಡಬೇಡಿ

ಹುಡುಗ ಹೋಂಸ್ಟೇ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ. ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದ, ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚುತ್ತಿದ್ದ. ಅಂಗಳದಲ್ಲಿದ್ದ ಮನೆಯ ಆಂಟಿ "ಎಂತ ಆಯ್ತು ಮಾರಾಯ, ಬಿದ್ಯಾ?" ಎಂದರು. ಬಿದ್ದಿರಲಿಲ್ಲ. ಎರಡು ದಿನದ ಹಿಂದೆ ತಲಕಾವೇರಿಯಿಂದ ಭಾಗಮಂಡಲಕ್ಕೆ 8 ಕಿ.ಮೀ. ಇಳಿಜಾರನ್ನು ಖುಷಿಖುಷಿಯಾಗಿ ಓಡಿ ಇಳಿದಿದ್ದ, ಅಷ್ಟೆ. ಈಜು, ಸೈಕಲ್, ಓಟ ಮೂರೂ ಇರುವ ಗೋವಾದ ರೇಸ್‌ಗೆ ಐದು ದಿನ ಉಳಿದಿತ್ತು. ಹಾಗೆ ಓಡು ಎಂದವನು ನಾನೇ.

ಫಿಸಿಯೋಥೆರಪಿಸ್ಟ್ ಆಗಿ ನಾನು ಮಾಡಿದ ತಪ್ಪುಗಳಲ್ಲಿ ಅದು ದೊಡ್ಡದು. ಆ ಭಾನುವಾರ ಅವನು ಈಜಿದ, ಸೈಕಲ್ ಕೂಡ ಚೆನ್ನಾಗಿ ತುಳಿದ. ಓಟದಲ್ಲಿ ಆರನೇ ಕಿಲೋಮೀಟರ್‌ಗೇ ತೊಡೆ ಕೈಕೊಟ್ಟಿತು, ಉಳಿದದ್ದನ್ನು ನಡೆದು ಮುಗಿಸಿದ.

ಗೋವಾದ ಐರನ್‌ಮ್ಯಾನ್ 70.3 ಎಂದರೆ ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ. 2019ರಲ್ಲಿ ಶುರುವಾಯಿತು. 2024ರಲ್ಲಿ ಸಂಸದ ತೇಜಸ್ವಿ ಸೂರ್ಯ ಮುಗಿಸಿದ ಮೇಲೆ ನಮ್ಮಲ್ಲಿ ಕ್ರೀಡಾಪುಟ ಓದದವರಿಗೂ ಅದರ ಹೆಸರು ಗೊತ್ತಾಯಿತು. ಆಮೇಲೆ ನನಗೆ ಬರುವ ಫೋನುಗಳೂ ಹೆಚ್ಚಾದವು. ಬೆಂಗಳೂರಿನಿಂದ, ಮೈಸೂರಿನಿಂದ, ಹೆಚ್ಚಿನವರದ್ದು ಒಂದೇ ಪ್ರಶ್ನೆ: "ಸರ್, ಕೊನೇ ವಾರ ರಜೆ ಹಾಕಿ ಕೊಡಗಿಗೆ ಬರ್ತೀವಿ. ಎತ್ತರದ ಜಾಗ, ಆಕ್ಸಿಜನ್ ಕಮ್ಮಿ, ರಕ್ತ ಚೆನ್ನಾಗಾಗತ್ತೆ ಅಲ್ವಾ?"

ಆಗುವುದಿಲ್ಲ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕರಾವಳಿಗಿಂತ ಶೇ. 12–13ರಷ್ಟು ಕಡಿಮೆ. ಏರು ಹತ್ತುವಾಗ ಏದುಸಿರು ಬರಿಸಲು ಅದು ಸಾಕು. ಆದರೆ ಮೂತ್ರಪಿಂಡ ಎಚ್ಚೆತ್ತು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಹೆಚ್ಚಿಸಿ ಕೆಂಪು ರಕ್ತಕಣ ಬೆಳೆಸಬೇಕಾದರೆ ಎರಡು ಸಾವಿರ ಮೀಟರ್‌ಗಿಂತ ಮೇಲೆ ಮೂರ್ನಾಲ್ಕು ವಾರ ವಾಸ ಇರಬೇಕು. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ತುದಿಯೇ 1,748 ಮೀಟರ್. ಅದರ ನೆತ್ತಿಯಲ್ಲಿ ಗುಡಾರ ಹಾಕಿ ಕೂತರೂ ಲೆಕ್ಕ ಸಾಲದು. ಐದು ದಿನದಲ್ಲಂತೂ ಎಲ್ಲಿಗೆ ಹೋದರೂ ಆಗುವ ಕೆಲಸವಲ್ಲ.

ಲಾಭ ಇಲ್ಲದಿದ್ದರೆ ಹೋಗಲಿ, ನಷ್ಟವೂ ಇದೆ. ಇಳಿಜಾರಿನಲ್ಲಿ ಓಡುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಿಡಿಯುತ್ತದೆ, ಅಂದರೆ ಬಿಗಿಯಾಗಿದ್ದುಕೊಂಡೇ ಉದ್ದವಾಗಬೇಕಾಗುತ್ತದೆ. ಆಗ ಅದರೊಳಗಿನ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ಅವತ್ತು ಏನೂ ಗೊತ್ತಾಗುವುದಿಲ್ಲ, ಉಸಿರೂ ಏರಿರುವುದಿಲ್ಲ, "ಎಷ್ಟು ಸಲೀಸು" ಅನಿಸುತ್ತದೆ. ನೋವು ತಲೆ ಎತ್ತುವುದು ಮರುದಿನ, ಜೋರಾಗುವುದು ಎರಡನೇ, ಮೂರನೇ ದಿನ. ನೋವು ಹೋದರೆ ಸರಿಹೋಯಿತು ಅಂದುಕೊಳ್ಳುತ್ತಾರೆ, ಸ್ನಾಯುವಿನ ಬಲ ಮರಳಲು ಇನ್ನೂ ಕೆಲವು ದಿನ ಬೇಕಾಗುತ್ತದೆ. ಇನ್ನೊಂದು ಸಂಗತಿ ಬಹಳ ಮಂದಿಯ ಗಮನಕ್ಕೇ ಬರುವುದಿಲ್ಲ: ಹೀಗೆ ಹಾಳಾದ ಸ್ನಾಯು ಗ್ಲೈಕೋಜನ್ನನ್ನು, ಅಂದರೆ ತಾನು ಕೂಡಿಟ್ಟುಕೊಳ್ಳುವ ಸಕ್ಕರೆಯನ್ನು, ಸರಿಯಾಗಿ ತುಂಬಿಸಿಕೊಳ್ಳುವುದಿಲ್ಲ. ರೇಸ್‌ನ ಹಿಂದಿನ ಎರಡು ದಿನ ನೀವು ಅನ್ನ, ಕಡಂಬುಟ್ಟು (ಅಕ್ಕಿ ಕಡುಬು) ಎಂದು ಎಷ್ಟು ತಿಂದರೂ ತೊಡೆಯ ಕಣಜ ಅರ್ಧಂಬರ್ಧವೇ. ನಮ್ಮ ಹುಡುಗನಿಗೆ ಆರನೇ ಕಿಲೋಮೀಟರ್‌ನಲ್ಲಿ ಆದದ್ದರಲ್ಲಿ ಇದರ ಪಾಲೂ ಇತ್ತು ಎಂದು ಈಗ ಅನಿಸುತ್ತದೆ.

ತಮಾಷೆ ಎಂದರೆ, ಅದೇ ಇಳಿಜಾರನ್ನು ಐದಾರು ವಾರ ಮೊದಲು ಓಡಿದ್ದರೆ ಅದು ಲಸಿಕೆ ಹಾಕಿಸಿಕೊಂಡ ಹಾಗೆ ಆಗುತ್ತಿತ್ತು. ಒಮ್ಮೆ ಪೆಟ್ಟು ತಿಂದು ಸರಿಯಾದ ಸ್ನಾಯು ಮುಂದಿನ ಕೆಲವು ವಾರ ಅಂಥದೇ ಪೆಟ್ಟನ್ನು ತಾಳಿಕೊಳ್ಳುತ್ತದೆ. ಹಾಗಾಗಿ ನವೆಂಬರ್ ರೇಸ್‌ಗೆ ಬೆಟ್ಟದ ಕ್ಯಾಂಪ್ ಬೇಕೆನ್ನುವವರನ್ನು ಸೆಪ್ಟೆಂಬರ್ ಕೊನೆಗೆ ಬನ್ನಿ ಅನ್ನುತ್ತೇನೆ. ಆಗ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಸಾಕ್ಸ್‌ನೊಳಗೆ ಜಿಗಣೆ ಗ್ಯಾರಂಟಿ. ಸಂಪಾಜೆಯಿಂದ ಮಡಿಕೇರಿಗೆ ಹೆಚ್ಚುಕಡಿಮೆ ಸಾವಿರ ಮೀಟರ್ ಏರುವ ಘಾಟಿಯನ್ನು ಸೈಕಲ್ ಮೇಲೆ ಹತ್ತುವುದಿದ್ದರೆ ಆಗ ಹತ್ತಿ. ಬೆಳಕು ಹರಿದ ಮೇಲೇ ಹೊರಡಿ. ಸಿದ್ದಾಪುರ, ತಿತಿಮತಿ ಕಡೆ ಹೋದರಂತೂ ಇದನ್ನು ಮರೆಯಲೇಬೇಡಿ. ಅಲ್ಲಿ ಮುಂಜಾನೆ ರಸ್ತೆ ಆನೆಗಳದ್ದು, ಹೆಡ್‌ಲೈಟ್ ಹಾಕಿಕೊಂಡ ಸೈಕಲ್ಲಿಗೆ ಅವು ದಾರಿ ಬಿಡುವುದಿಲ್ಲ.

ಇಷ್ಟು ಹೇಳಿದರೂ ಕೊನೆಯ ವಾರಕ್ಕೇ ಬರುವವರು ಇದ್ದಾರೆ. ಬರಲಿ. ಪೇಟೆಯ ಗಲಾಟೆ, ಆಫೀಸಿನ ಫೋನು, ಟ್ರಾಫಿಕ್ ಬಿಟ್ಟು ಒಂಬತ್ತು ಗಂಟೆ ನಿದ್ದೆ ಮಾಡುವುದೇ ಆ ವಾರದ ದೊಡ್ಡ ತರಬೇತಿ, ಅದು ಇಲ್ಲಿ ಸಿಗುತ್ತದೆ. ಅವರನ್ನು ಮಡಿಕೇರಿಯಿಂದ ಕೆಳಗೆ, ಕುಶಾಲನಗರದ ಕಡೆ ಇಳಿಸುತ್ತೇನೆ. ಕೂಡಿಗೆ, ಹೆಬ್ಬಾಲೆ, ಶಿರಂಗಾಲದ ರಸ್ತೆ ಕೊಡಗಿನ ಲೆಕ್ಕಕ್ಕೆ ಸಪಾಟು. ರೇಸ್‌ಗೆ ಮೊದಲು ತರಬೇತಿ ಇಳಿಸುವ ಟೇಪರ್ ಎಂದರೆ ಮಲಗಿಬಿಡುವುದಲ್ಲ. ಎರಡು ವಾರದಲ್ಲಿ ಒಟ್ಟು ಪ್ರಮಾಣವನ್ನು ಅರ್ಧದಷ್ಟು ಇಳಿಸಬೇಕು, ವೇಗವನ್ನು ಇಳಿಸಬಾರದು. ಒಂದು ಗಂಟೆ ಸೈಕಲ್, ಅದರಲ್ಲಿ ರೇಸ್ ವೇಗದ ಐದೈದು ನಿಮಿಷದ ಮೂರು ತುಣುಕು, ಇಳಿದ ಕೂಡಲೇ ಹದಿನೈದು ನಿಮಿಷ ಓಟ. ಸಾಕು. "ಇಷ್ಟೇನಾ ಸರ್?" ಎಂದು ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಇಷ್ಟೇ.

ಈಜಿನ ವಿಷಯದಲ್ಲಿ ನನ್ನದು ಹಟ. ಹಾರಂಗಿ ಹಿನ್ನೀರಿಗಾಗಲೀ ಕಾವೇರಿಗಾಗಲೀ ಇಳಿಯಬೇಡಿ. ಮೇಲೆ ಕನ್ನಡಿಯಂತಿದ್ದರೂ ಒಳಗೆ ಸುಳಿ, ಕೆಸರು, ಮರದ ಬುಡ. ಎರಡು ಮೂರು ದಿನ ಈಜದಿದ್ದರೆ ಏನೂ ಮುಳುಗಿಹೋಗುವುದಿಲ್ಲ. ಬೇಗ ಗೋವಾ ಮುಟ್ಟಿ ಅಲ್ಲಿಯ ಸಮುದ್ರದಲ್ಲೇ ಕೈ ಆಡಿಸಿ.

ತಣ್ಣಗಿನ ಹವೆಯ ಮಾತು ಬೇರೆಯೇ. ಜನ ಕೊಡಗಿಗೆ ಬರುವುದೇ ಅದಕ್ಕೆ, ರೇಸ್‌ಗೆ ತೊಡಕಾಗುವುದೂ ಅದೇ. ಗೋವಾದಲ್ಲಿ ಸಮುದ್ರದ ನೀರೇ ವೆಟ್‌ಸೂಟ್‌ಗೆ (ಮೈ ಬೆಚ್ಚಗಿಡುವ ಈಜುಡುಗೆಗೆ) ಅವಕಾಶ ಇಲ್ಲದಷ್ಟು ಬೆಚ್ಚಗೆ, ಓಟ ಶುರುವಾಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಸೆಕೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಗ್ಗಿದ ಮೈಯಲ್ಲಿ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಹೆಚ್ಚಿರುತ್ತದೆ, ಬೆವರು ಬೇಗ ಒಡೆಯುತ್ತದೆ, ಎದೆಬಡಿತ ಹತೋಟಿಯಲ್ಲಿರುತ್ತದೆ. ಬೆಳಿಗ್ಗೆ ಸ್ವೆಟರ್ ಹಾಕುವ ಊರಲ್ಲಿ ಒಂದು ವಾರ ಕೂತರೆ ಅದರಲ್ಲಿ ಸ್ವಲ್ಪ ಸೋರಿಹೋಗುತ್ತದೆ.

ಇದಕ್ಕೆ ಮದ್ದು ಸಿಕ್ಕಿದ್ದು ಆ ಆಂಟಿಯ ಬಚ್ಚಲಲ್ಲಿ. ತೋಟದ ಸೌದೆ ಉರಿಯುವ ಒಲೆ, ಮೇಲೆ ಹೊಗೆ ಹಿಡಿದ ತಾಮ್ರದ ಹಂಡೆ, ಪಕ್ಕದಲ್ಲಿ ಆಳೆತ್ತರ ಉದ್ದದ ಹಳೇ ಸಿಮೆಂಟ್ ತೊಟ್ಟಿ. ವ್ಯಾಯಾಮ ಮುಗಿಸಿದ ಕೂಡಲೇ 40 ಡಿಗ್ರಿ ನೀರಿನಲ್ಲಿ ಕತ್ತಿನವರೆಗೆ ಮುಳುಗಿ ಕೂರುವುದನ್ನು ಐದಾರು ದಿನ ಮಾಡಿದರೆ ಸೆಕೆಗೆ ಒಗ್ಗುವ ಕೆಲಸ ಮುಂದುವರಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಮೊದಲ ದಿನ 15 ನಿಮಿಷ, ಆಮೇಲೆ ನಿಧಾನಕ್ಕೆ 40ರವರೆಗೆ. ನಾನು ಥರ್ಮಾಮೀಟರ್ ಅದ್ದಿ ಅದ್ದಿ ನೋಡುತ್ತಿದ್ದರೆ ಆಂಟಿ ಮೊಣಕೈ ಅದ್ದಿ "ಬಾಣಂತಿಗೆ ಇದಕ್ಕಿಂತ ಬಿಸಿ ಹೊಯ್ತೇವೆ" ಎಂದು ನಕ್ಕರು. ಒಬ್ಬರೇ ಇರುವಾಗ ಇದನ್ನು ಮಾಡಬೇಡಿ. ಎದ್ದು ನಿಂತಾಗ ತಲೆ ಸುತ್ತುತ್ತದೆ, ಹೊರಗೆ ಒಬ್ಬರು ಕಾದಿರಬೇಕು. ಬಿಪಿ, ಹೃದಯದ ತೊಂದರೆ ಇದ್ದವರಿಗೆ ಬೇಡವೇ ಬೇಡ.

ಊಟದ ಬಗ್ಗೆ ಕೊಡಗಿನಲ್ಲಿ ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಕೊನೆಯ ಎರಡು ದಿನ ಮೈತೂಕದ ಕಿಲೋಗೆ ಎಂಟರಿಂದ ಹತ್ತು ಗ್ರಾಂ ಪಿಷ್ಟ ಬೇಕು, 70 ಕಿಲೋದವರಿಗೆ ದಿನಕ್ಕೆ 560ರಿಂದ 700 ಗ್ರಾಂ. ನೂಲ್‌ಪುಟ್ಟು, ಕಡಂಬುಟ್ಟು, ಅಕ್ಕಿ ಒಟ್ಟಿ, ಎಲ್ಲ ಅಕ್ಕಿಯವೇ, ಹೊಟ್ಟೆಗೂ ಹಗುರ. ಪಕ್ಕದಲ್ಲಿ ಪಂದಿ ಕರಿ ಇಡಬೇಡಿ ಎಂದು ಕೊಡಗಿನ ಮನೆಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಆಂಟಿಯೇ ಒಂದು ದಾರಿ ಮಾಡಿದರು: ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಜಾಸ್ತಿ ಹಾಕಿ ಒಣಗಿಸಿ ಬೇಯಿಸಿ, ಡಬ್ಬಿಗೆ ತುಂಬಿ, ರೇಸ್ ಮುಗಿದ ಮೇಲೆ ತೆಗೆಯಿರಿ ಎಂದು ಕೊಟ್ಟರು.

ಹೊರಡುವುದನ್ನು ಬುಧವಾರವೇ ಇಟ್ಟುಕೊಳ್ಳುತ್ತೇನೆ. ಕೊಡಗಿಗೆ ರೈಲಿಲ್ಲ, ಪಣಜಿಗೆ ರಸ್ತೆಯಲ್ಲಿ ಸುಮಾರು 500 ಕಿ.ಮೀ. ರೇಸ್ ಅಕ್ಟೋಬರ್‌ನಲ್ಲಿದ್ದು, ನಡುವೆ 17ರ ಆಸುಪಾಸಿನ ತುಲಾ ಸಂಕ್ರಮಣ ಬಂದರೆ ತಲಕಾವೇರಿಯ ತೀರ್ಥೋದ್ಭವದ ಜನಸಂದಣಿ ನೋಡಿಕೊಂಡು ದಿನ ಹಿಂದೆಮುಂದೆ ಮಾಡಬೇಕಾಗುತ್ತದೆ. ಸೈಕಲ್‌ಗಳನ್ನು ಮೇಲೆ ಕಟ್ಟಿ, ಬ್ರೇಕ್ ಪ್ಯಾಡ್ ಇನ್ನೊಮ್ಮೆ ನೋಡಿ, ಸಂಪಾಜೆ ಘಾಟಿ ಇಳಿಯುತ್ತೇವೆ. ಪ್ರತಿ ತಿರುವಿಗೂ ಗಾಳಿ ಸ್ವಲ್ಪ ಬೆಚ್ಚಗಾಗುತ್ತದೆ. ಸುಳ್ಯ ಬರುವಷ್ಟರಲ್ಲಿ ಬೆನ್ನಿಗೆ ಅಂಗಿ ಅಂಟಿರುತ್ತದೆ, ಹಿಂದಿನ ಸೀಟಿನಿಂದ "ಸರ್, ಎಸಿ ಹಾಕಿ ಸರ್" ಎಂದು ಗೋಗರೆತ ಶುರು. ನಾನು ಕಿಟಕಿ ಇನ್ನಷ್ಟು ಇಳಿಸುತ್ತೇನೆ.