ಒಂಬತ್ತನೆಯವನಿಗೆ ಎಲೆಯಿಲ್ಲ

ತೊಂಬತ್ತರ ದಶಕದಲ್ಲಿ ಕಾರವಾರದ ಕೋಡಿಬಾಗದ ನಮ್ಮ ಮನೆಯಲ್ಲಿ ಮಳೆಗಾಲವೆಂದರೆ ವಿಡಿಯೋ ಗೇಮಿನ ಕ್ಯಾಸೆಟ್ಟಿಗೆ ಬಾಯಿಯಿಂದ ಊದುವ ಕಾಲ. ಚಿತ್ರ ಬಾರದಿದ್ದರೆ ಕ್ಯಾಸೆಟ್ ಕಿತ್ತು, ಊದಿ, ಮತ್ತೆ ಸಿಕ್ಕಿಸುತ್ತಿದ್ದೆವು; ಬರುತ್ತಿತ್ತು. ಅದು ಊದಿದ ಫಲವಲ್ಲ. ಕಿತ್ತು ಸಿಕ್ಕಿಸುವಾಗ ಲೋಹದ ಹಲ್ಲುಗಳು ಉಜ್ಜಿಕೊಂಡು ಸರಿಯಾಗಿ ತಾಗುತ್ತಿದ್ದವು, ಅಷ್ಟೆ. ಕಡಲ ಗಾಳಿಯ ಉಪ್ಪು, ಜುಲೈ ತಿಂಗಳ ತೇವ ಸಾಲದೆಂದು ನಾವು ಉಸಿರಿನ ತೇವವನ್ನೂ ಸೇರಿಸಿ ಆ ಹಲ್ಲುಗಳಿಗೆ ಕಿಲುಬು ಹಿಡಿಸುತ್ತಿದ್ದೆವು.

ನಮ್ಮದು ನಕಲು ಯಂತ್ರ. ಬಿಚ್ಚಿದರೆ ಬಹುಪಾಲು ಖಾಲಿ ಡಬ್ಬಿ, ನಡುವೆ ಕಪ್ಪು ಅಂಟಿನ ಬೊಟ್ಟಿನಡಿ ಒಂದು ಚಿಪ್. ಅಸಲಿಯನ್ನು ಜಪಾನಿನ ನಿಂಟೆಂಡೊ 1983ರ ಜುಲೈ 15ರಂದು ‘ಫ್ಯಾಮಿಕಾಮ್’ ಎಂಬ ಹೆಸರಿನಲ್ಲಿ 14,800 ಯೆನ್ನಿಗೆ ಮಾರಾಟಕ್ಕಿಟ್ಟಿತ್ತು. ವಿನ್ಯಾಸದ ಮುಂದಾಳು ಮಸಾಯುಕಿ ಉಎಮುರಾ. 1985ರಲ್ಲಿ ಅದು ಬೇರೆ ಹೊದಿಕೆ ತೊಟ್ಟು ‘ಎನ್‌ಇಎಸ್’ ಆಗಿ ಅಮೆರಿಕಕ್ಕೆ ಹೋಯಿತು.

ಅದರೊಳಗೆ ಕೆಲಸಕ್ಕೆ 2 ಕಿಲೋಬೈಟ್ ಸ್ಮರಣೆ, ಚಿತ್ರಕ್ಕೆ ಮತ್ತೆ 2. ಈ ಲೇಖನದ ಅರ್ಧವೂ 2 ಕಿಲೋಬೈಟಿನಲ್ಲಿ ಹಿಡಿಸುವುದಿಲ್ಲ. ಪರದೆಯ ಮೇಲೋ 256 ಅಡ್ಡ, 240 ಉದ್ದ, ಒಟ್ಟು 61,440 ಚುಕ್ಕಿಗಳು. ಒಂದೊಂದರ ಬಣ್ಣವನ್ನೂ ನೆನಪಿಡಲು ಜಾಗವೆಲ್ಲಿ? ನಮ್ಮ ಮಾಡಿನ ಮಂಗಳೂರು ಹಂಚಿನ ಉಪಾಯವೇ ಇಲ್ಲಿಯದೂ: ಅಚ್ಚು ಒಂದು, ಹಂಚು ನೂರಾರು. ಎಂಟಕ್ಕೆಂಟು ಚುಕ್ಕಿಯ ಚೌಕಗಳ ಅಚ್ಚುಗಳು ಕ್ಯಾಸೆಟ್ಟಿನಲ್ಲಿರುತ್ತವೆ. ಪರದೆಯ 960 ಮನೆಗಳಲ್ಲಿ ಯಾವುದಕ್ಕೆ ಯಾವ ಅಚ್ಚು ಎಂಬ ಸಂಖ್ಯೆಯನ್ನಷ್ಟೇ ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಸೂಪರ್ ಮಾರಿಯೋದ ಮೋಡವನ್ನೂ ಪೊದೆಯನ್ನೂ ಒಮ್ಮೆ ಹೋಲಿಸಿ ನೋಡಿ: ಆಕಾರ ಒಂದೇ, ಬಣ್ಣ ಬೇರೆ. ಆ ಇಡೀ ಆಟ ಕೇವಲ 40 ಕಿಲೋಬೈಟ್!

ಓಡಾಡುವ ಪಾತ್ರಗಳ ಲೆಕ್ಕ ಇನ್ನೂ ಬಿಗಿ. ಪರದೆಯ ಮೇಲೆ ಅಂಥ ತುಣುಕುಗಳು 64ರವರೆಗೆ ಇರಬಹುದು. ಆದರೆ ಒಂದು ಅಡ್ಡಗೆರೆಯಲ್ಲಿ ಎಂಟೇ. ಶಿರಸಿಯ ಕಡೆಯ ಮದುವೆಯೂಟದ ಪಂಕ್ತಿಯನ್ನು ನೆನೆಯಿರಿ: ಹಾಸಿದ್ದು ಎಂಟು ಎಲೆಯಾದರೆ ಒಂಬತ್ತನೆಯವನು ಕಾಯಬೇಕು. ಇಲ್ಲಿ ಕಾಯುವವನು ಕಣ್ಣಿಗೇ ಕಾಣಿಸುವುದಿಲ್ಲ. ಯಾವಾಗಲೂ ಒಬ್ಬನೇ ಉಪವಾಸ ಬೀಳಬಾರದೆಂದು ಆಟ ಬರೆಯುವವರು ಚಿತ್ರ ಬದಲಾದಾಗಲೆಲ್ಲ ಸರದಿಯನ್ನೂ ತಿರುಗಿಸಿದರು. ಶತ್ರುಗಳು ಗುಂಪುಗೂಡಿದಾಗ ಮಿಣುಕುತ್ತಿದ್ದುದು ಇದಕ್ಕೇ. ನಾವು ಟಿವಿಯ ಆಂಟೆನಾ ತಿರುಗಿಸಿದ್ದು ದಂಡ.

ಬಾತುಕೋಳಿ ಹೊಡೆಯುವ ಆಟದಲ್ಲಿ ಪರದೆಗೆ ಗುರಿಯಿಡುವ ಬಂದೂಕಿನಿಂದಲೂ ಏನೂ ಹೊರಡುತ್ತಿರಲಿಲ್ಲ, ಅದು ನೋಡುತ್ತಿತ್ತು. ಗುಂಡಿ ಒತ್ತಿದಾಗ ಪರದೆ ಕ್ಷಣಕಾಲ ಕಪ್ಪಾಗಿ, ಮರುಕ್ಷಣ ಬಾತು ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ನಳಿಗೆಯೊಳಗಿನ ಬೆಳಕಿನ ಸಂವೇದಕಕ್ಕೆ ಆ ಬಿಳುಪು ಕಂಡರೆ ಬಾತು ಸತ್ತಂತೆ.

ಕಳೆದ ದೀಪಾವಳಿಗೆ ಮಗಳು ಅಟ್ಟದಿಂದ ಎಲ್ಲವನ್ನೂ ಇಳಿಸಿ ಹೊಸ ಎಲ್‌ಇಡಿ ಟಿವಿಗೆ ಜೋಡಿಸಿದಳು. ಕ್ಯಾಸೆಟ್ಟಿನ ಹಲ್ಲುಗಳನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದೆ, ಊದಲಿಲ್ಲ. ಚಿತ್ರ ಬಂತು. ಆದರೆ ಇಂದಿನ ಟಿವಿಗಳು ಬಂದ ಚಿತ್ರವನ್ನು ಹಿಗ್ಗಿಸಿ, ತಿದ್ದಿ ತೋರಿಸಲು ತುಸು ತಡ ಮಾಡುತ್ತವೆ. ಬಂದೂಕು ಕಣ್ಣು ತೆರೆಯುವ ಗಳಿಗೆಗೆ ಬಿಳಿ ಚೌಕ ಇನ್ನೂ ಬಂದೇ ಇರುವುದಿಲ್ಲ. ಮಗಳು ನಳಿಗೆಯನ್ನು ಪರದೆಗೇ ತಾಗಿಸಿ ಹೊಡೆದಳು. ಒಂದೂ ಬೀಳಲಿಲ್ಲ. ಆಟದ ಹುಲ್ಲಿನ ಹಿಂದಿನಿಂದ, ಗುರಿ ತಪ್ಪಿದವರನ್ನು ನೋಡಿ ನಗುವ ನಾಯಿ ಎದ್ದು, ಮೂವತ್ತು ವರ್ಷದ ಹಿಂದೆ ನನ್ನನ್ನು ನೋಡಿ ನಕ್ಕಂತೆಯೇ ನಕ್ಕಿತು.