ಮಗು ತಿಂದ ಬಣ್ಣ ಎಷ್ಟು ಮಿಲಿಗ್ರಾಂ?

2024ರ ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಅಂಗಡಿಗಳು ಏಳುವ ಹೊತ್ತಿಗೇ ಬೆಂಗಳೂರಿನಿಂದ ಒಂದು ಆದೇಶ ಹೊರಬಿತ್ತು. ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಹಾಕುವಂತಿಲ್ಲ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ. ರಾಜ್ಯದಲ್ಲಿ ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಗೊತ್ತಾಗಿತ್ತು. ಜೂನ್‌ನಲ್ಲಿ ಕಬಾಬ್‌ಗೂ ಇದೇ ನಿಯಮ ಬಂತು.

ರೋಡಮೈನ್-ಬಿ ಬಗ್ಗೆ ಚರ್ಚೆಯೇ ಬೇಡ. ಅದು ಬಟ್ಟೆಗೆ ಹಾಕುವ ಬಣ್ಣ. ಎಷ್ಟು ತಿಂದರೆ ಪರವಾಗಿಲ್ಲ ಎಂಬ ಲೆಕ್ಕ ಅದಕ್ಕಿಲ್ಲ. ಆದರೆ ಜೆಲ್ಲಿ, ಐಸ್‌ಕ್ರೀಮ್, ಕ್ರೀಮ್ ಬಿಸ್ಕತ್ತು, ಶರಬತ್ತುಗಳಲ್ಲಿ ಕಾನೂನೇ ಒಪ್ಪಿದ ಬಣ್ಣಗಳಿವೆ, ಕೆಡದಂತೆ ಕಾಯುವ ರಾಸಾಯನಿಕಗಳಿವೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಯಾರು, ದಿನಕ್ಕೆ, ಎಷ್ಟು? 107 ಎಂಬ ಸಂಖ್ಯೆ ತಟ್ಟೆಯಲ್ಲಿ ಏನಿತ್ತು ಎಂದು ಹೇಳುತ್ತದೆ. ಹೊಟ್ಟೆಗೆ ಎಷ್ಟು ಹೋಯಿತು ಎಂದು ಹೇಳುವುದಿಲ್ಲ. ನಮ್ಮಲ್ಲಿ ತಟ್ಟೆಯ ಪರೀಕ್ಷೆಗೆ ಸಿಗುವ ಗಮನದಲ್ಲಿ ಕಾಲು ಭಾಗವೂ ತಿನ್ನುವವರ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದು ನನ್ನ ತಕರಾರು.

ದಿನಕ್ಕೆ ಇಷ್ಟು ತಿನ್ನಬಹುದು ಎಂಬ ಮಿತಿ ಎಲ್ಲಿಂದ ಬರುತ್ತದೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆ ಸೇರಿ 1956ರಲ್ಲಿ ಕಟ್ಟಿದ ಜೆಕ್ಫಾ ಎಂಬ ತಜ್ಞರ ಸಮಿತಿ ಇದೆ. ಇಲಿಗಳಿಗೆ ಒಂದು ಬಣ್ಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ತಿನ್ನಿಸಿ, ಯಾವ ತೊಂದರೆಯೂ ಕಾಣದ ಪ್ರಮಾಣ ಯಾವುದೆಂದು ನೋಡುತ್ತಾರೆ. ಅದನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಇಲಿಗೂ ಮನುಷ್ಯರಿಗೂ ಇರುವ ವ್ಯತ್ಯಾಸಕ್ಕೆ ಒಂದು ಹತ್ತು, ಮನುಷ್ಯರಲ್ಲೇ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸಕ್ಕೆ ಇನ್ನೊಂದು ಹತ್ತು. ಉಳಿದದ್ದು ಜೀವನಪೂರ್ತಿ ದಿನಾ ತಿಂದರೂ ಅಡ್ಡಿಯಿಲ್ಲದ ಪ್ರಮಾಣ. ಒಂದು ದಿನ ಮೀರಿದರೆ ಏನೋ ಆಗಿಬಿಡುತ್ತದೆ ಎಂದಲ್ಲ. ಈ ಮಿತಿ ಕಲ್ಲಿನ ಮೇಲೆ ಕೊರೆದದ್ದೂ ಅಲ್ಲ. ಹಳದಿಯ ಟಾರ್ಟ್ರಾಜಿನ್‌ಗೆ 2016ರಲ್ಲಿ ಜೆಕ್ಫಾ ಅದನ್ನು 7.5ರಿಂದ 10 ಮಿಲಿಗ್ರಾಂಗೆ ಏರಿಸಿತು. ಪಾನ್ಸೊ 4ಆರ್ ಎಂಬ ಕೆಂಪಿಗೆ ಯುರೋಪಿನವರು 2009ರಲ್ಲಿ 4ರಿಂದ 0.7ಕ್ಕೆ ಇಳಿಸಿದರು.

ಇವೆಲ್ಲ ದೇಹದ ತೂಕದ ಪ್ರತಿ ಕೆಜಿಗೆ. ಮಕ್ಕಳ ವಿಷಯ ಸೂಕ್ಷ್ಮವಾಗುವುದು ಇಲ್ಲೇ. ಸನ್‌ಸೆಟ್ ಯೆಲ್ಲೋ ಎಂಬ ಕಿತ್ತಳೆ-ಹಳದಿ ಬಣ್ಣಕ್ಕೆ ಮಿತಿ 4 ಮಿಲಿಗ್ರಾಂ. 20 ಕೆಜಿಯ ಮಗುವಿಗೆ ದಿನಕ್ಕೆ 80, 50 ಕೆಜಿಯ ಕಾಲೇಜು ಹುಡುಗನಿಗೆ 200. ನಮ್ಮ ಕಾನೂನು ಹೆಚ್ಚಿನ ತಿನಿಸುಗಳಲ್ಲಿ ಒಂದು ಕೆಜಿಗೆ 100 ಮಿಲಿಗ್ರಾಂ ಬಣ್ಣದವರೆಗೆ ಬಿಡುತ್ತದೆ. ಅಂದರೆ ಆ ಮಗು ಮಿತಿ ದಾಟಬೇಕಾದರೆ 800 ಗ್ರಾಂ ಬಣ್ಣದ ತಿನಿಸು ತಿನ್ನಬೇಕು. ಅಷ್ಟು ಯಾರು ತಿನ್ನುತ್ತಾರೆ, ಅಲ್ವಾ? ಆದರೆ ಎರಿತ್ರೋಸಿನ್ ಎಂಬ ಕೆಂಪು ಬಣ್ಣ ನೋಡಿ. ಅದರ ಮಿತಿ ಕೆಜಿಗೆ ಬರೀ 0.1 ಮಿಲಿಗ್ರಾಂ. ಅದೇ ಮಗುವಿಗೆ ದಿನಕ್ಕೆ 2 ಮಿಲಿಗ್ರಾಂ ಆಯಿತು. ಅದೇ 100ರ ಲೆಕ್ಕದಲ್ಲಿ 20 ಗ್ರಾಂ ತಿನಿಸಿಗೆ ಮುಗಿಯಿತು. ಹುಳಿಯಲ್ಲಿ ಬಣ್ಣ ಬಿಟ್ಟು ಹರಡುವುದಿಲ್ಲ ಎಂದು ಇದನ್ನು ಚೆರ್ರಿಗೆ ಹಾಕುವುದು ಹಳೆಯ ರೂಢಿ. (ಬೇಕರಿಯ ಚೆರ್ರಿ ಎಷ್ಟೋ ಸಲ ನಮ್ಮ ಬೇಣದಲ್ಲಿ ಬೆಳೆಯುವ ಕವಳಿಕಾಯಿಯೇ. ಸಕ್ಕರೆ ಪಾಕದಲ್ಲಿ ಬಿದ್ದು ಕೆಂಪಾಗಿ ವೇಷ ಬದಲಿಸಿರುತ್ತದೆ ಅಷ್ಟೇ.)

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಅಲ್ಲಿನ 1ರಿಂದ 18 ವರ್ಷದವರು ತಿನ್ನುವ ಬಣ್ಣವನ್ನು ಲೆಕ್ಕ ಹಾಕಿ 2004ರಲ್ಲಿ ಪ್ರಕಟಿಸಿದ್ದರು. ಕೆಲವು ಮಕ್ಕಳಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಎರಿತ್ರೋಸಿನ್ ಮಿತಿ ಮೀರಿದ್ದವು. ಇಲ್ಲಿ ‘ಕೆಲವು’ ಎಂಬ ಮಾತೇ ಮುಖ್ಯ. ಸರಾಸರಿ ತೆಗೆದರೆ ಎಲ್ಲರೂ ಸುರಕ್ಷಿತವಾಗಿ ಕಾಣುತ್ತಾರೆ. ಅದಕ್ಕೇ ಇಂಥ ಅಧ್ಯಯನ ಮಾಡುವವರು ಸರಾಸರಿಯ ಜೊತೆಗೆ ನೂರರಲ್ಲಿ ಅತಿ ಹೆಚ್ಚು ತಿನ್ನುವ ಐದು ಮಕ್ಕಳನ್ನು ಬೇರೆಯಾಗಿ ನೋಡುತ್ತಾರೆ.

ಆ ಐವರನ್ನು ಹುಡುಕುವುದೇ ಕಷ್ಟದ ಕೆಲಸ. ಸಾಮಾನ್ಯ ದಾರಿ ಎಂದರೆ ಹಿಂದಿನ 24 ಗಂಟೆಯಲ್ಲಿ ತಿಂದದ್ದನ್ನೆಲ್ಲ ಕೇಳಿ ಬರೆದುಕೊಳ್ಳುವುದು. ಪುಟ್ಟ ಮಗುವಾದರೆ ಆಯಿ ಹೇಳುತ್ತಾಳೆ. ಹೈಸ್ಕೂಲಿನವರದ್ದು ಯಾರು ಹೇಳಬೇಕು? ಕಾರವಾರಕ್ಕೋ ಶಿರಸಿಗೋ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗರನ್ನು ನೆನೆಸಿಕೊಳ್ಳಿ. ಕ್ಲಾಸು ಬಿಟ್ಟಾಗ ಹೊಟ್ಟೆ ಚುರುಗುಟ್ಟುತ್ತಿರುತ್ತದೆ, ಬಸ್ಸು ಬರಲು ಇನ್ನೂ ಹೊತ್ತಿದೆ, ಎದುರಿಗೇ ಗಾಡಿ.

“ನಿನ್ನೆ ಎಂತ ತಿಂದೆ ತಮ್ಮಾ?”

“ಎಂತದೂ ಇಲ್ಲ. ಊಟ ಅಷ್ಟೇ.”

“ಬಸ್‌ಸ್ಟ್ಯಾಂಡಲ್ಲಿ?”

“ಹಾಂ, ಅಲ್ಲೊಂದು ಗೋಬಿ. ಒಂದೇ ಪ್ಲೇಟು. ನಾಲ್ಕು ಜನ ತಿಂದದ್ದು.”

ಒಂದು ಪ್ಲೇಟು, ನಾಲ್ಕು ಕಡ್ಡಿ. ಯಾರ ಪಾಲಿಗೆ ಎಷ್ಟು ತುಂಡು? ಅಡ್ಡಬಂದವನೊಬ್ಬ ಎರಡು ಎತ್ತಿಕೊಂಡು ಹೋಗಿರುತ್ತಾನೆ. ಸುಮ್ನೆ ‘ಅರ್ಧ ಪ್ಲೇಟು’ ಎಂದು ಬರೆದುಕೊಂಡರೆ ಲೆಕ್ಕ ಅಲ್ಲೇ ಕೆಟ್ಟಿತು. ಒಳ್ಳೆಯ ಸರ್ವೆಯವರು ಪ್ಲೇಟಿನ ಫೋಟೋ ತೋರಿಸಿ ಕೇಳುತ್ತಾರೆ, ಒಂದೇ ಹುಡುಗನನ್ನು ವಾರದ ದಿನವೂ ರಜೆಯ ದಿನವೂ ಕೇಳುತ್ತಾರೆ. ಜಾತ್ರೆಯ ವಾರದಲ್ಲಿ ಕೇಳಿದರೆ ಒಂದು ಚಿತ್ರ, ಪರೀಕ್ಷೆಯ ವಾರದಲ್ಲಿ ಕೇಳಿದರೆ ಇನ್ನೊಂದು.

ಮೂತ್ರ ಪರೀಕ್ಷೆ ಮಾಡಿದರೆ ಆಯಿತಲ್ಲ ಎನ್ನಬಹುದು. ಶರಬತ್ತು ಕೆಡದಂತೆ ಹಾಕುವ ಬೆಂಜೊಯೇಟ್ (ಪೊಟ್ಟಣದ ಮೇಲೆ 211) ನಮ್ಮ ದೇಹದಿಂದ ಹಿಪ್ಯೂರಿಕ್ ಆಮ್ಲವಾಗಿ ಹೊರಬೀಳುತ್ತದೆ. ಆದರೆ ಚಹಾ, ಹಣ್ಣು ತಿಂದರೂ ಅದೇ ಆಮ್ಲ ಬರುತ್ತದೆ. ಯಾವುದು ಯಾವುದರದ್ದು ಎಂದು ಹೇಳುವುದು ಹೇಗೆ? ಪೊಟ್ಟಣವೂ ಪೂರ್ತಿ ಸಹಾಯಕ್ಕೆ ಬರುವುದಿಲ್ಲ. 102, 110, 122 ಎಂದು ಯಾವ ಬಣ್ಣ ಇದೆ ಎಂದು ಬರೆದಿರುತ್ತದೆ. ಎಷ್ಟಿದೆ ಎಂದು ಬರೆದಿರುವುದಿಲ್ಲ. ಲ್ಯಾಬ್‌ನಲ್ಲಿ ಅಳೆಯಬೇಕು, ಇಲ್ಲವೇ ಕಾನೂನು ಬಿಟ್ಟ ಗರಿಷ್ಠ ಪ್ರಮಾಣವೇ ಇದೆ ಎಂದು ಹಿಡಿಯಬೇಕು. ಎರಡನೆಯದರಲ್ಲಿ ಉತ್ತರ ಸಾಮಾನ್ಯವಾಗಿ ಜಾಸ್ತಿಯೇ ಬರುತ್ತದೆ.

ಇಷ್ಟೆಲ್ಲ ಒದ್ದಾಟ ಬೇಕಾ? ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 3 ವರ್ಷದ 153 ಮತ್ತು 8-9 ವರ್ಷದ 144 ಮಕ್ಕಳಿಗೆ ಬಣ್ಣ ಮತ್ತು ಸೋಡಿಯಂ ಬೆಂಜೊಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದರು. 2007ರಲ್ಲಿ ಫಲಿತಾಂಶ ಬಂತು. ಕೆಲವು ಮಕ್ಕಳಲ್ಲಿ ಚಡಪಡಿಕೆ ತುಸು ಹೆಚ್ಚಿತ್ತು. ಪರಿಣಾಮ ಸಣ್ಣದು, ಎಲ್ಲ ಮಕ್ಕಳಲ್ಲೂ ಒಂದೇ ಸಮ ಇರಲಿಲ್ಲ. ಆದರೂ 2010ರ ಜುಲೈನಿಂದ ಯುರೋಪಿನಲ್ಲಿ ಆರು ಬಣ್ಣಗಳಿಗೆ ಎಚ್ಚರಿಕೆಯ ಸಾಲು ಕಡ್ಡಾಯವಾಯಿತು. ಸಂಶಯ ಇಷ್ಟು ಸಣ್ಣದಿದ್ದಾಗಲೇ ಯಾರು ಎಷ್ಟು ತಿನ್ನುತ್ತಾರೆ ಎಂಬ ಲೆಕ್ಕ ಕೈಯಲ್ಲಿರಬೇಕು.

ಗಾಡಿಯ ತಿನಿಸಿಗೆ ಇನ್ನೊಂದು ದಾರಿ ಇತ್ತು. ಅಂಗಡಿಯವರನ್ನೇ ಕೇಳುವುದು. ಉದಾಹರಣೆಗೆ ತಿಂಗಳಿಗೆ 100 ಗ್ರಾಂ ಬಣ್ಣದ ಪುಡಿ ಖಾಲಿ, 1,500 ಪ್ಲೇಟು ಮಾರಾಟ ಎಂದಿಟ್ಟುಕೊಳ್ಳಿ. ಪ್ಲೇಟಿಗೆ ಸುಮಾರು 67 ಮಿಲಿಗ್ರಾಂ ಪುಡಿ. ಅದರಲ್ಲಿ ನಿಜವಾದ ಬಣ್ಣ ಐದನೇ ಒಂದು ಪಾಲು, ಉಳಿದದ್ದು ಉಪ್ಪು ಎಂದಾದರೆ 13 ಮಿಲಿಗ್ರಾಂ. ಕಾಗದ ಪೆನ್ಸಿಲ್ಲಿನಲ್ಲಿ ಮುಗಿಯುವ ಲೆಕ್ಕ. ಈಗ ನಿಷೇಧವಿದೆ, ಅದು ಇರಬೇಕಾದ್ದೇ. ಆದರೆ ಈಗ ಹೋಗಿ ಕೇಳಿದರೆ ಗಾಡಿಯವರು “ಬಣ್ಣವಾ? ನಾವು ಹಾಕೂದೇ ಇಲ್ಲ” ಎನ್ನುತ್ತಾರೆ, ಹಾಕುವವರೂ ಅದನ್ನೇ ಎನ್ನುತ್ತಾರೆ.