ನಡುವಿನ ಇಂಗಾಲ ಹೇಳುವ ಸಾಕ್ಷಿ

ಗ್ಲಿಸರಿನ್ ಎಷ್ಟು ಶುದ್ಧ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಗ್ಲಿಸರಿನ್ನನ್ನು ನೇರವಾಗಿ ಅಳೆಯುವುದೇ ಇಲ್ಲ. ಮೊದಲು ಅದರ ಅಣುವನ್ನು ಮುರಿಯುತ್ತಾರೆ, ಆಮೇಲೆ ಮುರಿದ ತುಂಡುಗಳಲ್ಲಿ ಒಂದನ್ನು ಮಾತ್ರ ಹಿಡಿದು ಎಣಿಸುತ್ತಾರೆ. ಇದೇನು ಸುತ್ತುಬಳಸಿನ ದಾರಿ ಅನ್ನಿಸಬಹುದು. ಆದರೆ ಕಣ್ಣು, ಮೂಗು, ನಾಲಿಗೆ ಮೂರೂ ಸೋಲುವ ವಸ್ತು ಇದು. ಗ್ಲಿಸರಿನ್ನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪಾಕದಂತೆ ಮಂದವಾಗಿ ಹರಿಯುತ್ತದೆ, ಸಿಹಿಯಾಗಿರುತ್ತದೆ. ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರವವೂ ಬಣ್ಣವಿಲ್ಲದ್ದು, ಮಂದವಾದದ್ದು, ಸಿಹಿಯಾದದ್ದು. ಮೊದಲನೆಯದನ್ನು ಕೆಮ್ಮಿನ ಸಿರಪ್ಪಿಗೆ ಬೆರೆಸುತ್ತಾರೆ. ಎರಡನೆಯದು ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುತ್ತದೆ.

ಕೊಂದೂ ಇದೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಔಷಧವನ್ನು ಈ ಗ್ಲೈಕಾಲಿನಲ್ಲಿ ಕರಗಿಸಿ ಮಾರಿದಾಗ ನೂರಕ್ಕೂ ಹೆಚ್ಚು ಜನ ಸತ್ತರು. ಹೈಟಿ ದೇಶದಲ್ಲಿ 1996ರಲ್ಲಿ 80ಕ್ಕೂ ಹೆಚ್ಚು ಮಕ್ಕಳು ಜ್ವರದ ಸಿರಪ್ ಕುಡಿದು ತೀರಿಕೊಂಡರು. ಸಿರಪ್ಪಿಗೆ ಹಾಕಿದ್ದ ‘ಗ್ಲಿಸರಿನ್’ನಲ್ಲಿ ಸುಮಾರು ಕಾಲುಭಾಗ ಡೈಎಥಿಲೀನ್ ಗ್ಲೈಕಾಲ್ ಇತ್ತು. ಪೀಪಾಯಿಯ ಜೊತೆ ಬಂದ ಕಾಗದ ಮಾತ್ರ ಅದು ಶುದ್ಧ ಎಂದೇ ಹೇಳುತ್ತಿತ್ತು.

ಹಾಗಾದರೆ ಟೈಟ್ರೇಶನ್ ಮಾಡಿದರಾಯಿತಲ್ಲ, ಶಾಲೆಯಲ್ಲಿ ಮಾಡಿದ್ದೇ ತಾನೆ? ಬ್ಯೂರೆಟ್ಟಿನಿಂದ ಹನಿಹನಿಯಾಗಿ ಕ್ಷಾರ ಬಿಡುವುದು, ಫ್ಲಾಸ್ಕಿನಲ್ಲಿ ಬಣ್ಣ ತಿರುಗಿದ ಕೂಡಲೇ ನಿಲ್ಲಿಸುವುದು. ಟೈಟ್ರೇಶನ್ ಎಂಬ ಹೆಸರಿನ ಮೂಲವಾದ ಫ್ರೆಂಚ್ ಪದಕ್ಕೆ ಚಿನ್ನ, ಬೆಳ್ಳಿಗಳ ಅಪ್ಪಟತನ ಎಂಬ ಅರ್ಥವೂ ಇದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಒರೆಗೆ ಹಚ್ಚುವುದು. ತೊಡಕೇನೆಂದರೆ ಗ್ಲಿಸರಿನ್ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದೊಂದು ಆಲ್ಕೊಹಾಲ್. ಅದರ ಮೇಲೆ ಎಷ್ಟು ಕ್ಷಾರ ಸುರಿದರೂ ಜಪ್ಪಯ್ಯ ಅನ್ನುವುದಿಲ್ಲ.

ಹಿಂದೆ ಇದಕ್ಕೆ ಕಂಡುಕೊಂಡಿದ್ದ ಉಪಾಯ ಒರಟಾಗಿತ್ತು. ಗಂಧಕಾಮ್ಲ ಮತ್ತು ಡೈಕ್ರೋಮೇಟ್ ಹಾಕಿ ಕಾಯಿಸಿ, ಗ್ಲಿಸರಿನ್ ಪೂರ್ತಿ ಇಂಗಾಲದ ಡೈಆಕ್ಸೈಡ್ ಆಗುವವರೆಗೆ ಉರಿಸಿ, ಎಷ್ಟು ಡೈಕ್ರೋಮೇಟ್ ಖರ್ಚಾಯಿತು ಎಂದು ನೋಡುತ್ತಿದ್ದರು. ಆದರೆ ಡೈಕ್ರೋಮೇಟ್ ಮುಖ ನೋಡಿ ಮಣೆ ಹಾಕುವ ಪೈಕಿಯಲ್ಲ. ಎದುರಿಗೆ ಸಿಕ್ಕ ಸಾವಯವ ಕಲ್ಮಶಗಳನ್ನೂ ಉರಿಸಿ ಗ್ಲಿಸರಿನ್ನಿನ ಲೆಕ್ಕಕ್ಕೇ ಬರೆದುಬಿಡುತ್ತದೆ. ಕಲ್ಮಶವೆಷ್ಟು ಎಂದು ತಿಳಿಯಬೇಕಾದ ಕಡೆ ಇದು ದೊಡ್ಡ ದೋಷವೇ ಸರಿ.

1928ರಲ್ಲಿ ಫ್ರಾನ್ಸಿನ ಲಿಯಾನ್ ಮಲಪ್ರಾದ್ ಪ್ರಕಟಿಸಿದ ಕ್ರಿಯೆ ಇಲ್ಲಿ ನೆರವಿಗೆ ಬಂತು. ಗ್ಲಿಸರಿನ್ ಅಣುವಿನಲ್ಲಿ ಮೂರು ಇಂಗಾಲಗಳು ಸಾಲಾಗಿ ನಿಂತಿವೆ, ಒಂದೊಂದರ ಮೇಲೂ ಒಂದು ಹೈಡ್ರಾಕ್ಸಿಲ್ ಗುಂಪು, ಅಂದರೆ ಆಮ್ಲಜನಕ-ಜಲಜನಕಗಳ ಜೋಡಿ, ಕೂತಿದೆ. ಪರ್‌ಅಯೋಡೇಟ್ ಎಂಬ ಲವಣಕ್ಕೆ ಒಂದು ವಿಚಿತ್ರ ಚಾಳಿ ಇದೆ: ಅಕ್ಕಪಕ್ಕದ ಎರಡು ಇಂಗಾಲಗಳ ಮೇಲೆ ಹೈಡ್ರಾಕ್ಸಿಲ್ ಇದ್ದರೆ, ಸರಿಯಾಗಿ ಅವುಗಳ ನಡುವಿನ ಬಂಧವನ್ನೇ ಕತ್ತರಿಸುತ್ತದೆ. ಗ್ಲಿಸರಿನ್ನಿನಲ್ಲಿ ಅಂಥ ಬಂಧಗಳು ಎರಡು. ಎರಡೂ ಕಡಿದಾಗ ತುದಿಯ ಇಂಗಾಲಗಳು ಫಾರ್ಮಾಲ್ಡಿಹೈಡ್ ಆಗುತ್ತವೆ. ನಡುವಿನ ಇಂಗಾಲಕ್ಕೆ ಎರಡೂ ಕಡೆಯಿಂದ ಪೆಟ್ಟು ಬಿದ್ದಿರುತ್ತದಲ್ಲ, ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಫಾರ್ಮಿಕ್ ಆಮ್ಲವಾಗುತ್ತದೆ. ಇರುವೆಯ ಮೈಯಲ್ಲಿರುವುದೂ ಇದೇ ಆಮ್ಲ. ಒಂದು ಗ್ಲಿಸರಿನ್ ಅಣುವಿಗೆ ಒಂದು ಫಾರ್ಮಿಕ್ ಆಮ್ಲದ ಅಣು, ಹೆಚ್ಚಿಲ್ಲ ಕಡಿಮೆಯಿಲ್ಲ. ಕ್ಷಾರಕ್ಕೆ ಎದುರಾಳಿ ಸಿಕ್ಕಿತು. ಇನ್ನು ಎಣಿಸಬಹುದು.

ಡೈಎಥಿಲೀನ್ ಗ್ಲೈಕಾಲಿನಲ್ಲೂ ಎರಡು ಹೈಡ್ರಾಕ್ಸಿಲ್ ಇವೆ, ಆದರೆ ಅಣುವಿನ ಎರಡು ತುದಿಗಳಲ್ಲಿ, ದೂರದೂರ. ಪರ್‌ಅಯೋಡೇಟ್ ಅದನ್ನು ಮುಟ್ಟುವುದಿಲ್ಲ, ಆಮ್ಲ ಹುಟ್ಟುವುದಿಲ್ಲ. ಅದರ ಸೋದರ ಎಥಿಲೀನ್ ಗ್ಲೈಕಾಲಿನಲ್ಲಿ ಹೈಡ್ರಾಕ್ಸಿಲ್‌ಗಳು ಅಕ್ಕಪಕ್ಕವೇ ಇವೆ, ಅಣು ಮುರಿಯುತ್ತದೆ ಕೂಡ. ಆದರೆ ಅಲ್ಲಿ ‘ನಡುವಿನ ಇಂಗಾಲ’ ಎಂಬುದೇ ಇಲ್ಲವಾದ್ದರಿಂದ ಬರೀ ಫಾರ್ಮಾಲ್ಡಿಹೈಡ್ ಬರುತ್ತದೆ.

ಈಗ ಮೇಜಿನ ಮೇಲಿನ ಕೆಲಸ. ಗ್ಲಿಸರಿನ್ನನ್ನು ಪಿಪೆಟ್ಟಿನಲ್ಲಿ ಎಳೆದು ಅಳೆಯಲು ಹೋಗಬಾರದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ ನೀರಿನ ಸಾವಿರ ಪಟ್ಟಿಗೂ ಮಿಗಿಲು, ಗಾಜಿನ ಗೋಡೆಗೆ ಅಂಟಿ ಕೂರುತ್ತದೆ. ತಕ್ಕಡಿಯಲ್ಲಿ ತೂಗಬೇಕು, ಅದೂ ಬೇಗ, ಏಕೆಂದರೆ ಗಾಳಿಯ ತೇವವನ್ನು ಅದು ಹೀರುತ್ತಲೇ ಇರುತ್ತದೆ. ಸುಮಾರು 0.4 ಗ್ರಾಂ ಸಾಕು. ನೀರಿನಲ್ಲಿ ಕರಗಿಸಿ, ಬ್ರೋಮೋಥೈಮಾಲ್ ಬ್ಲೂ ಸೂಚಕ ಹಾಕಿ, ಮಾದರಿಯಲ್ಲಿ ಮೊದಲೇ ಇರಬಹುದಾದ ಆಮ್ಲ ಅಥವಾ ಕ್ಷಾರವನ್ನು ತಟಸ್ಥಗೊಳಿಸುತ್ತಾರೆ. ಬಯೋಡೀಸೆಲ್ ತಯಾರಿಕೆಯಲ್ಲಿ ಉಳಿಯುವ ಕಚ್ಚಾ ಗ್ಲಿಸರಿನ್ನಿಗಂತೂ ಈ ಹೆಜ್ಜೆ ತಪ್ಪಿಸುವಂತೆಯೇ ಇಲ್ಲ. ಅದರಲ್ಲಿ ಸಾಬೂನು, ಕ್ಷಾರ, ಉಪ್ಪು ಎಲ್ಲ ತುಂಬಿರುತ್ತವೆ.

ಆಮೇಲೆ ಸೋಡಿಯಂ ಪರ್‌ಅಯೋಡೇಟ್ ದ್ರಾವಣವನ್ನು ಧಾರಾಳವಾಗಿ ಹಾಕಿ ಅರ್ಧ ಗಂಟೆ ಕತ್ತಲಲ್ಲಿ ಇಡಬೇಕು. ಬೆಳಕಿಗೆ ಇಟ್ಟರೆ ಪರ್‌ಅಯೋಡೇಟ್ ತನ್ನ ಮಿತಿ ಮೀರಿ ಬೇರೆ ಕೆಲಸಕ್ಕೆ ಕೈ ಹಾಕುವ ಅಪಾಯವಿದೆ. ಅರ್ಧ ಗಂಟೆಯಾದ ಮೇಲೆ ಉಳಿದ ಪರ್‌ಅಯೋಡೇಟನ್ನು ತೀರಿಸಬೇಕು, ಇಲ್ಲವಾದರೆ ಅದೂ ಕ್ಷಾರವನ್ನು ತಿಂದು ಲೆಕ್ಕ ತಪ್ಪಿಸುತ್ತದೆ. ಅದಕ್ಕೆ ಹಾಕುವುದು ಏನನ್ನು ಗೊತ್ತೆ? ಎಥಿಲೀನ್ ಗ್ಲೈಕಾಲ್! ಔಷಧದಲ್ಲಿ ಸಿಕ್ಕರೆ ವಿಷ ಎನ್ನಿಸಿಕೊಳ್ಳುವ ಅದೇ ದ್ರವ ಇಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತದೆ, ಒಂದಿಷ್ಟೂ ಆಮ್ಲ ಹುಟ್ಟಿಸದೆ. ಇಡೀ ವಿಧಾನದಲ್ಲಿ ನನಗೆ ಬಹಳ ಹಿಡಿಸುವ ಭಾಗ ಇದು.

ಕೊನೆಗೆ ಬ್ಯೂರೆಟ್ಟಿನಿಂದ ಕ್ಷಾರ, ಅಂದರೆ 0.1 ನಾರ್ಮಲ್ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್, ಪಿಎಚ್ 8.1 ಮುಟ್ಟುವವರೆಗೆ. ಅದರ ಪ್ರತಿ ಮಿಲಿಲೀಟರ್ 9.21 ಮಿಲಿಗ್ರಾಂ ಗ್ಲಿಸರಿನ್ನಿಗೆ ಸಮ. ಗ್ಲಿಸರಿನ್ ಹಾಕದೆ ಉಳಿದೆಲ್ಲವನ್ನೂ ಹಾಕಿದ ‘ಖಾಲಿ’ ಫ್ಲಾಸ್ಕನ್ನೂ ಜೊತೆಗೇ ನಡೆಸಿ, ಅದರ ಲೆಕ್ಕವನ್ನು ಕಳೆಯುತ್ತಾರೆ. ಕ್ಷಾರದ ದ್ರಾವಣವೂ ಕುಳಿತಲ್ಲೇ ಗಾಳಿಯ ಇಂಗಾಲದ ಡೈಆಕ್ಸೈಡ್ ನುಂಗಿ ದುರ್ಬಲವಾಗುತ್ತದೆ. ಹಾಗಾಗಿ ಬಾಟಲಿಯ ಮೇಲೆ 0.1 ಎಂದು ಬರೆದಿದ್ದರೆ ನಂಬುವಂತಿಲ್ಲ. ಪೊಟ್ಯಾಸಿಯಂ ಹೈಡ್ರೋಜನ್ ಥಾಲೇಟ್‌ನಂಥ ನಂಬಿಕಸ್ಥ ಘನವಸ್ತುವನ್ನು ತೂಗಿ, ಅದರೆದುರು ಆಗಾಗ ಪರೀಕ್ಷಿಸಿಕೊಳ್ಳಬೇಕು. ಒರೆಗಲ್ಲನ್ನೇ ಒರೆಗೆ ಹಚ್ಚಿದ ಹಾಗೆ.

0.4 ಗ್ರಾಂ ಅಪ್ಪಟ ಗ್ಲಿಸರಿನ್ನಿಗೆ 43.4 ಮಿಲಿಲೀಟರ್ ಕ್ಷಾರ ಬೇಕು. ಶೇಕಡ 99ರಷ್ಟು ಶುದ್ಧವಾದದ್ದಕ್ಕೆ 43.0. ನಡುವಿನ ಅಂತರ ಎಂಟೊಂಬತ್ತು ಹನಿ, ಅಷ್ಟೇ. ಒಂದೇ ಒಂದು ಹನಿ ಹೆಚ್ಚು ಬಿದ್ದರೂ ಉತ್ತರ ಶೇಕಡ 0.1ಕ್ಕೂ ತುಸು ಹೆಚ್ಚೇ ಜರುಗುತ್ತದೆ. ಇಷ್ಟು ನಾಜೂಕಿನ ಲೆಕ್ಕದ ಮುಂದೆ ಹೈಟಿಯ ಮಾದರಿಯನ್ನು ಇಟ್ಟು ನೋಡಿ. ಕಾಲುಭಾಗ ಬಿಟ್ಟು ಮಿಕ್ಕಿದ್ದೆಲ್ಲ ಗ್ಲಿಸರಿನ್ ಎಂದೇ ಉದಾರವಾಗಿ ಒಪ್ಪಿಕೊಂಡರೂ ಪರೀಕ್ಷೆ 33 ಮಿಲಿಲೀಟರಿನ ಆಸುಪಾಸಿನಲ್ಲೇ ಮುಗಿದುಹೋಗುತ್ತಿತ್ತು. ಹತ್ತು ಮಿಲಿಲೀಟರ್ ಕೊರತೆ ಎಂಥ ಹೊಸಬನ ಕಣ್ಣಿಗೂ ಬೀಳುತ್ತದೆ.

ಹಾಗೆಂದು ಈ ಸಾಕ್ಷಿಯನ್ನು ಪೂರ್ತಿ ನಂಬಿ ಕೂರುವಂತೆಯೂ ಇಲ್ಲ. ಗ್ಲಿಸರಿನ್ ಎಷ್ಟಿದೆ ಎಂದು ಅದು ಹೇಳುತ್ತದೆ. ಕಡಿಮೆ ಬಿದ್ದ ಪಾಲು ನೀರೋ ವಿಷವೋ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ನೀರನ್ನು ಕಾರ್ಲ್ ಫಿಷರ್ ವಿಧಾನದಲ್ಲಿ ಬೇರೆಯಾಗಿ ಅಳೆಯಬೇಕು. ಗ್ಲೈಕಾಲುಗಳನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿಯಿಂದ, ಅಂದರೆ ಆವಿಯಾಗಿಸಿ ಒಂದೊಂದನ್ನೂ ಬೇರ್ಪಡಿಸಿ, ಹುಡುಕಬೇಕು. ಔಷಧಗಳ ಗುಣಮಟ್ಟ ನಿಗದಿಪಡಿಸುವ ಗ್ರಂಥವಾದ ಅಮೆರಿಕದ ಔಷಧಕೋಶ ಅವುಗಳಿಗೆ ಕೊಟ್ಟಿರುವ ಮಿತಿ ಶೇಕಡ 0.1 ಮಾತ್ರ. ಸಾವಿರದಲ್ಲಿ ಒಂದು ಪಾಲಿನ ವಿಷವನ್ನು ಹಿಡಿಯುವುದು ಬ್ಯೂರೆಟ್ಟಿನ ಕೈಯಲ್ಲಿ ಆಗುವ ಕೆಲಸವಲ್ಲ, ಅದು ಒಂದು ಹನಿಯ ವ್ಯತ್ಯಾಸದಲ್ಲೇ ಮುಚ್ಚಿಹೋಗುತ್ತದೆ.

ಇನ್ನೊಂದು ಮೋಸಕ್ಕೂ ದಾರಿ ಇದೆ. ಸಕ್ಕರೆಗಳ ಅಣುವಿನಲ್ಲಿ ಹೈಡ್ರಾಕ್ಸಿಲ್ ಹೊತ್ತ ಇಂಗಾಲಗಳ ಉದ್ದ ಸಾಲೇ ಇರುತ್ತದೆ, ಆದ್ದರಿಂದ ಅವುಗಳಲ್ಲಿ ‘ನಡುವಿನ ಇಂಗಾಲ’ಗಳೂ ಜಾಸ್ತಿ. ಗ್ಲುಕೋಸ್ ಪೂರ್ತಿ ಮುರಿದರೆ ಒಂದು ಅಣುವಿನಿಂದ ಐದು ಫಾರ್ಮಿಕ್ ಆಮ್ಲದ ಅಣುಗಳು ಬರುತ್ತವೆ. ತೂಕದ ಲೆಕ್ಕ ಹಾಕಿದರೆ ಒಂದು ಗ್ರಾಂ ಗ್ಲುಕೋಸ್ ಸುಮಾರು ಎರಡೂವರೆ ಗ್ರಾಂ ಗ್ಲಿಸರಿನ್ನಿನಷ್ಟು ಆಮ್ಲ ಕೊಡಬಲ್ಲದು. ನೀರು ಬೆರೆಸಿ ಅದನ್ನು ಸಕ್ಕರೆಯಿಂದ ಮರೆಮಾಚುವುದು ಹೀಗೆ ಸಾಧ್ಯವಾಗುತ್ತದೆ. ಔಷಧಕೋಶದಲ್ಲಿ ಗ್ಲಿಸರಿನ್ನಿನ ಶುದ್ಧತೆಗೆ, ನೀರನ್ನು ಕಳೆದ ಲೆಕ್ಕದಲ್ಲಿ, ಎರಡು ಗೆರೆಗಳಿವೆ: ಶೇಕಡ 99.0ಕ್ಕಿಂತ ಕಡಿಮೆ ಇರಬಾರದು, 101.0ಕ್ಕಿಂತ ಹೆಚ್ಚೂ ಇರಬಾರದು. ನೂರಕ್ಕಿಂತ ಮೇಲೆ ಶುದ್ಧತೆ ಎಲ್ಲಿಂದ ಬಂತು ಎಂದು ಮೊದಲ ಸಲ ಓದಿದವರು ನಗುತ್ತಾರೆ. ಮೇಲಿನ ಆ ಒಂದು ಅಂಶ ಅಳತೆಯಲ್ಲಿ ಸಹಜವಾಗಿ ಆಗುವ ಹೆಚ್ಚುಕಡಿಮೆಗೆ ಬಿಟ್ಟ ಜಾಗ. ಅದನ್ನೂ ದಾಟಿ ಯಾವುದಾದರೂ ಮಾದರಿ 103 ತೋರಿಸಿದರೆ ಪ್ರಯೋಗಾಲಯದವರು ಅದನ್ನು ಅತಿ ಶುದ್ಧ ಎಂದು ಹೊಗಳುವುದಿಲ್ಲ. ಪೀಪಾಯಿಯನ್ನು ಪಕ್ಕಕ್ಕಿಟ್ಟು, ತಮ್ಮ ಕ್ಷಾರದ ಬಾಟಲಿಯನ್ನು ಮೊದಲು ಪರೀಕ್ಷಿಸಿ, ಆಮೇಲೆ ಸಕ್ಕರೆಯನ್ನು ಹುಡುಕತೊಡಗುತ್ತಾರೆ.